ತಾತನ ಚೀಟಿಯ ಐದನೇ ಸಾಲು

ಸುಪ್ರಜಾ ಮೇಡಮ್ಮಿಗೆ ಒಂದು ಚಟವಿತ್ತು. ಸೊಟ್ಟ ಕನ್ನಡ ಕಂಡರೆ ಕೈ ಸುಮ್ಮನಿರುತ್ತಿರಲಿಲ್ಲ. ಮದುವೆ ಪತ್ರಿಕೆ, ಅಪಾರ್ಟ್‌ಮೆಂಟಿನ ನೀರಿನ ನೋಟಿಸು, ಗಣೇಶನ ಹಬ್ಬದ ಕರಪತ್ರ, ಯಾವುದೂ ಅವಳ ಕೆಂಪು ಪೆನ್ನಿನಿಂದ ಪಾರಾದದ್ದಿಲ್ಲ. ವಾಟ್ಸಾಪ್ ಬಂದ ಮೇಲೆ ಆ ಚಟಕ್ಕೆ ಹಬ್ಬವೇ ಆಯಿತು. ಬಂದದ್ದನ್ನು ಬಂದ ಹಾಗೆ ದಾಟಿಸುವುದು ಅವಳ ಜಾಯಮಾನವಲ್ಲ. ವಾಕ್ಯ ನೆಟ್ಟಗೆ ಮಾಡಿ, ಒಂದು ಎರಡು ಮೂರು ಎಂದು ಅಂಕಿ ಹಾಕಿ, ಎಲ್ಲವನ್ನೂ ಹೊಸದಾಗಿ ಟೈಪು ಮಾಡಿ ಕಳಿಸುತ್ತಿದ್ದಳು. ಹಾಗೆ ಹೋದ ಮೆಸೇಜಿನ ತಲೆಯ ಮೇಲೆ ಎಲ್ಲಿಂದಲೋ ಬಂದದ್ದು ಎಂಬ ಗುರುತು ಇರುತ್ತಿರಲಿಲ್ಲ. ಓದಿದವರು, ಪಾಪ, ಮೇಡಮ್ಮೇ ಬರೆದದ್ದು ಎಂದುಕೊಳ್ಳುತ್ತಿದ್ದರು. ಅದು ಅವಳಿಗೂ ಹಿತವಾಗಿಯೇ ಇತ್ತು, ಸುಳ್ಳೇಕೆ ಹೇಳಬೇಕು.

ಚಾಮರಾಜಪೇಟೆಯ ಒಂದು ಹಳೆಯ ಶಾಲೆಯಲ್ಲಿ ಅವಳು ಹದಿನೇಳು ವರ್ಷದಿಂದ ಕನ್ನಡ ಕಲಿಸುತ್ತಿದ್ದಳು. ದಸರಾ ರಜೆ ಮುಗಿದ ವಾರ ಹೆಡ್ಮಿಸ್ ಗುರುಬಸಮ್ಮ ಕರೆಸಿದರು.

"ಮಕ್ಕಳು ಮೊಬೈಲಲ್ಲಿ ಕಂಡದ್ದನ್ನೆಲ್ಲ ಪ್ರಾಜೆಕ್ಟಿಗೆ ಅಂಟಿಸ್ಕೊಂಡು ಬರ್ತಿದಾರೆ ಸುಪ್ರಜಾ. ಯಾವುದು ನಿಜ, ಯಾವುದು ಸುಳ್ಳು, ಹೇಗೆ ಹುಡುಕೋದು ಅಂತ ಯಾರಾದ್ರೂ ಹೇಳ್ಕೊಡ್ಬೇಕು. ಶನಿವಾರ ಒಂದು ಪೀರಿಯಡ್. ಸೈನ್ಸ್‌ನೋರಿಗೆ ಪೋರ್ಷನ್ ಮುಗಿದಿಲ್ಲ. ನೀವು ತಗೊಳ್ಳಿ."

ಸುಪ್ರಜಾ ಒಪ್ಪಿಕೊಂಡಳು. ಒಪ್ಪಿಕೊಂಡದ್ದಷ್ಟೇ ಅಲ್ಲ, ಹುರುಪಿನಿಂದ ತಯಾರಾದಳು. ಮೊದಲ ಶನಿವಾರ ಒಂಬತ್ತನೇ ತರಗತಿಯ ಬೋರ್ಡಿನ ಮೇಲೆ ದೊಡ್ಡದಾಗಿ 'ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು' ಎಂದು ಬರೆದಳು. ಮಕ್ಕಳಿಗೆಲ್ಲ ಒಂದೊಂದು ಹಾಳೆ ಹಂಚಿದಳು. ಮನೆಗೆ ಬಂದ ಒಂದು ಮೆಸೇಜು ಆರಿಸಿಕೊಂಡು ಅದರ ಬೇರಿನ ತನಕ ಹೋಗಬೇಕು. ಹಾಳೆಯಲ್ಲಿ ನಾಲ್ಕು ಪ್ರಶ್ನೆ: ನಿಮಗೆ ಯಾರು ಕಳಿಸಿದರು? ಅವರಿಗೆ ಯಾರು ಕಳಿಸಿದರು? ದಾರಿಯಲ್ಲಿ ಏನು ಬದಲಾಯಿತು? ಕಳಿಸುವ ಮುನ್ನ ಪರಿಶೀಲಿಸಿದವರು ಯಾರು?

"ಯಾರು ಹೇಳಿದ್ರು ಅನ್ನೋದು ಮುಖ್ಯ ಅಲ್ಲ. ಅವರು ನೋಡಿ ಹೇಳಿದ್ರಾ ಅನ್ನೋದು ಮುಖ್ಯ," ಎಂದಳು. ಮಕ್ಕಳು ಬರೆದುಕೊಂಡರು.

ಮುಂದಿನ ಶನಿವಾರ ತರಗತಿಯಲ್ಲಿ ನಗೆಯೋ ನಗೆ. ವಂಶಿ ಎಂಬ ಹುಡುಗ ತೆಂಗಿನಕಾಯಿ ಚಿಪ್ಪು ನೆನೆಸಿದ ನೀರಿನ ಮಹಿಮೆಯ ಬೇರು ಹುಡುಕುತ್ತ ಚಿಕ್ಕಪ್ಪನ ತನಕ ಹೋಗಿದ್ದ. "ನನ್ನನ್ನೇ ವಿಚಾರಣೆ ಮಾಡ್ತೀಯೇನೋ" ಎಂದು ಚಿಕ್ಕಪ್ಪ ಅವನನ್ನು ಫ್ಯಾಮಿಲಿ ಗ್ರೂಪಿನಿಂದಲೇ ಕಿತ್ತುಹಾಕಿದ್ದರು. ನಗು ಇನ್ನೂ ನಿಂತಿರಲಿಲ್ಲ, ಧೃತಿ ಎದ್ದು ನಿಂತಳು. ಎರಡನೇ ಬೆಂಚಿನ ಸಣಕಲು ಹುಡುಗಿ, ಮಾತು ಕಮ್ಮಿ. ಪ್ಲಾಸ್ಟಿಕ್ ಕವರಿನಿಂದ ಒಂದು ಪೋಸ್ಟ್ ಕಾರ್ಡು ತೆಗೆದಳು.

"ನಂದು ಕೆಮ್ಮಿನ ಮೆಸೇಜು ಮೇಡಂ. ಒಬ್ಬರೇ ಇದ್ದಾಗ ಹಾರ್ಟ್ ಅಟ್ಯಾಕ್ ಆದ್ರೆ ಜೋರಾಗಿ ಕೆಮ್ಮಬೇಕು ಅಂತ ಬರತ್ತಲ್ಲ, ಅದು. ನಮ್ಮ ತಾತ ಇದನ್ನ ಕಾರ್ಡಲ್ಲಿ ಬರ್ಕೊಂಡಿದ್ರು."

ತಾತ ಎಂದರೆ ಶೀನಣ್ಣ. ಬಸವನಗುಡಿಯ ಪಾರ್ಕಿನಲ್ಲಿ ಬೆಳಗಿನ ವಾಕಿಂಗಿಗೆ ಬರುತ್ತಿದ್ದವರು, ಸುಪ್ರಜಾಗೆ ಚೆನ್ನಾಗಿ ಪರಿಚಯ. ಹೋದ ವರ್ಷ ಹೃದಯಾಘಾತವಾಗಿ ತೀರಿಕೊಂಡಾಗ ಅವಳು ಹೋಗಿ ಕೈಮುಗಿದು ಬಂದಿದ್ದಳು. ಅವಳಿಗೆ ಗೊತ್ತಿದ್ದದ್ದು ಅಷ್ಟೇ.

"ಮಧ್ಯಾಹ್ನ ಮೂರು ಗಂಟೆ ಮೇಡಂ. ತಾತ ಹಾಲಲ್ಲಿ ಕೂತ್ಕೊಂಡು ಕೆಮ್ತಾ ಇದ್ರಂತೆ. ಅಜ್ಜಿ ಅಡುಗೆಮನೇಲಿದ್ರು. ಏನೋ ಕೆಮ್ಮು ಅಂದ್ಕೊಂಡು ಮೆಣಸು ಜೀರಿಗೆ ಕಷಾಯಕ್ಕಿಟ್ರಂತೆ. ಅದು ಕುದಿಯೋವರೆಗೂ ಕೆಮ್ಮು ಕೇಳಿಸ್ತಾನೇ ಇತ್ತು. ಲೋಟ ತಗೊಂಡು ಬರೋಷ್ಟರಲ್ಲಿ ನಿಂತೋಗಿತ್ತು." ಧೃತಿ ಪಾಠ ಒಪ್ಪಿಸುವ ದನಿಯಲ್ಲೇ ಹೇಳುತ್ತಿದ್ದಳು. "ಈ ಕಾರ್ಡು ತಾತನ ಕೈಯಲ್ಲಿತ್ತು. ನಾನು ಡಾಕ್ಟರ್‌ನ ಕೇಳ್ದೆ. ಕೆಮ್ಮಿದ್ರೆ ಹಾರ್ಟ್ ಅಟ್ಯಾಕ್ ನಿಲ್ಲೋದಿಲ್ವಂತೆ. ತಕ್ಷಣ ಯಾರನ್ನಾದ್ರೂ ಕೂಗ್ಬೇಕು, ಆಂಬುಲೆನ್ಸ್‌ಗೆ ಫೋನ್ ಮಾಡ್ಬೇಕು. ನಮ್ಮನೆ ಎದುರು ರಸ್ತೇಲೇ ನರ್ಸಿಂಗ್ ಹೋಮ್ ಇದೆ ಮೇಡಂ. ಅಜ್ಜಿ ಹತ್ತು ಹೆಜ್ಜೆ ದೂರದಲ್ಲಿದ್ರು."

ಸುಪ್ರಜಾ ಕಾರ್ಡು ಕೈಗೆ ತೆಗೆದುಕೊಂಡಳು. ಶೀನಣ್ಣನವರ ದುಂಡು ಅಕ್ಷರದಲ್ಲಿ ಐದು ಸಾಲು. ಕುಳಿತುಕೊಳ್ಳಿ, ಉಸಿರೆಳೆದುಕೊಳ್ಳಿ, ಎದೆಯಾಳದಿಂದ ಕೆಮ್ಮಿ, ಎರಡು ಸೆಕೆಂಡಿಗೊಮ್ಮೆ ಹೀಗೇ ಮಾಡುತ್ತಿರಿ. ಐದನೆಯದು: 'ಗಾಬರಿ ಬೇಡ. ಕೂಗಿ ಕರೆದು ಉಸಿರು ವ್ಯರ್ಥ ಮಾಡಬೇಡಿ.'

ಸುಪ್ರಜಾ ಇನ್ನೊಮ್ಮೆ ಓದಿದಳು. ಆ ಐದು ಸಾಲು ಅವಳವು.

ನೆನಪು ಮಾಡಿಕೊಳ್ಳಲು ಕಷ್ಟಪಡಬೇಕಾಗಿರಲಿಲ್ಲ. ಪಾರ್ಕಿನ ಕಲ್ಲುಬೆಂಚಿನ ಮೇಲೆ ಶೀನಣ್ಣ ಎದೆ ನೀವಿಕೊಳ್ಳುತ್ತ, "ಇಲ್ಲಿ ಒಂಥರಾ ಹಿಡಿದ ಹಾಗೆ ಆಗತ್ತೆ ಮೇಡಂ, ಗ್ಯಾಸ್ ಇರ್ಬೇಕು" ಎಂದಿದ್ದರು. ಡಾಕ್ಟರಿಗೆ ತೋರಿಸಿ ಎಂದು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಅಂದು ಸಂಜೆ ಎಲ್ಲಿಂದಲೋ ಬಂದಿದ್ದ ಕೆಮ್ಮಿನ ಮೆಸೇಜು ನೆನಪಾಯಿತು. ಕೆಟ್ಟ ಕನ್ನಡ, ತಲೆಬುಡವಿಲ್ಲದ ವಾಕ್ಯ. ಕೂತು ಸರಿಮಾಡಿ ಅವರೊಬ್ಬರಿಗೇ ಕಳಿಸಿದಳು. ನಾಲ್ಕು ಸಾಲಿಗೆ ಮುಗಿಸಿದರೆ ಬೋಳುಬೋಳಾಗಿ ಕಂಡಿತೆಂದು ಐದನೆಯದನ್ನು ತಾನೇ ಸೇರಿಸಿದಳು. ಅದು ಯಾವ ಡಾಕ್ಟರ ಮಾತೂ ಅಲ್ಲ, ಯಾವ ಮೂಲದ್ದೂ ಅಲ್ಲ. ಕಿವಿಗೆ ಹಿತವಾಗಿತ್ತು, ಹಾಕಿದಳು.

"ಇದು ಯಾರು ಕಳಿಸಿದ್ದು ಅಂತ ಗೊತ್ತಾಯ್ತಾ?" ಸುಪ್ರಜಾ ಕಾರ್ಡಿನಿಂದ ಕಣ್ಣೆತ್ತದೆ ಕೇಳಿದಳು.

"ಇಲ್ಲ ಮೇಡಂ. ತಾತನ ಫೋನು ಕ್ಲೀನ್ ಮಾಡಿ ಅತ್ತೆಗೆ ಕೊಟ್ಬಿಟ್ರು. ಆದ್ರೆ ತಾತ ಬಂದ ಮೆಸೇಜನ್ನೆಲ್ಲ ಒಂದು ನೋಟ್‌ಬುಕ್ಕಲ್ಲಿ ಬರ್ಕೋತಿದ್ರು. ಯಾರಿಂದ ಬಂತು ಅಂತಾನೂ ಬರೀತಿದ್ರು. ಪೋಸ್ಟ್ ಆಫೀಸಲ್ಲಿ ವಿಳಾಸ ಇಲ್ಲದ ಕಾಗದದ ಸೆಕ್ಷನ್ನಲ್ಲಿದ್ರಲ್ಲ, ಎಲ್ಲಿಂದ ಬಂತು ಅಂತ ಪತ್ತೆ ಮಾಡೋ ಅಭ್ಯಾಸ. ಆ ಬುಕ್ಕು ಅಜ್ಜಿ ಟ್ರಂಕಲ್ಲಿದೆ. ವರ್ಷಾಬ್ದಿಕ ಆಗೋವರೆಗೂ ತಾತನ ಸಾಮಾನು ಯಾರೂ ಮುಟ್ಟೋ ಹಾಗಿಲ್ಲ ಅಂದಿದಾರೆ. ಇನ್ನು ಆರು ವಾರ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಸುಪ್ರಜಾ ಸೆರಗು ಸರಿಮಾಡಿಕೊಂಡು, "ಇದು ಕಷ್ಟದ ಟಾಪಿಕ್ಕು ಧೃತಿ. ಬೇರೆ ಯಾವುದಾದ್ರೂ ತಗೋ," ಎಂದಳು.

"ಬೇಡ ಮೇಡಂ. ನಂಗೆ ಇದೇ ಬೇಕು."

ಆ ದಿನದಿಂದ ಕೆಮ್ಮು ಅವಳ ಬೆನ್ನು ಹತ್ತಿತು. ಮಾಗಿಯ ಚಳಿಗಾಲ, ಊರಿಗೆಲ್ಲ ನೆಗಡಿ, ಕೆಮ್ಮು ಕೇಳಿಸುವುದರಲ್ಲಿ ಹೆಚ್ಚೇನೂ ಇಲ್ಲ. ಆದರೆ ಅವಳು ಎಣಿಸತೊಡಗಿದ್ದಳು. ಬಸ್ಸಿನಲ್ಲಿ ಹಿಂದಿನ ಸೀಟಿನವರು ಕೆಮ್ಮಿದರೆ ಒಂದು, ಎರಡು, ಮತ್ತೆ ಕೆಮ್ಮು. ಶಾಲೆಯ ಮೆಟ್ಟಿಲಲ್ಲಿ, ಮೆಟ್ರೋದ ಸಾಲಿನಲ್ಲಿ, ಪಕ್ಕದ ಮನೆಯ ಗೋಡೆಯಾಚೆ. ಎಲ್ಲರೂ ಅವಳು ಅಂಕಿ ಹಾಕಿ ಬರೆದುಕೊಟ್ಟ ಲೆಕ್ಕದಲ್ಲೇ ಕೆಮ್ಮುತ್ತಿದ್ದ ಹಾಗಿತ್ತು. ಒಂದು ಸಂಜೆ ವಿಶ್ವೇಶ್ವರಪುರಂನ ತಿಂಡಿ ಬೀದಿಯಲ್ಲಿ ಮೆಣಸಿನಕಾಯಿ ಬಜ್ಜಿಯ ಘಾಟಿಗೆ ವಯಸ್ಸಾದವರೊಬ್ಬರು ಗೋಡೆಗೊರಗಿ ಕೆಮ್ಮುತ್ತಿದ್ದರು. ಶೀನಣ್ಣನವರ ಹಾಗೇ ಬೂದು ಸ್ವೆಟರು. ಹೋಗಿ ವಿಚಾರಿಸೋಣವೆಂದರೆ ಕಾಲು ಮುಂದೆ ಬರಲಿಲ್ಲ. ಆ ಮನುಷ್ಯ ಕೆಮ್ಮು ನಿಲ್ಲಿಸಿ, ಕಣ್ಣೊರೆಸಿಕೊಂಡು ಬಜ್ಜಿ ತಿನ್ನಲು ಹೊರಟಾಗಲೂ ಅವಳು ಅಲ್ಲೇ ನಿಂತಿದ್ದಳು.

ಗಂಡ ಕೇದಾರನಿಗೆ ಮೆಸೇಜು ಕಳಿಸಿದ್ದು ತಾನೇ ಎಂದು ಹೇಳಿದಳು. ಅವನು ಒಳ್ಳೆಯವನೇ. "ನೀನೊಬ್ಳೇನಾ ಕಳ್ಸಿರೋದು? ಊರೆಲ್ಲ ಕಳಿಸತ್ತೆ. ಒಳ್ಳೇದಾಗ್ಲಿ ಅಂತ ತಾನೇ ಕಳ್ಸಿದ್ದು? ಬಿಡು," ಎಂದ.

"ಊರೆಲ್ಲ ಕಳ್ಸಿದ್ದು ನಾಲ್ಕು ಸಾಲು," ಎಂದಳು. ಅವನಿಗೆ ಅರ್ಥವಾಗಲಿಲ್ಲ. ಅರ್ಥವಾಗುವಂತೆ ಹೇಳುವ ಧೈರ್ಯ ಅವಳಿಗೂ ಬರಲಿಲ್ಲ.

ಇಷ್ಟಕ್ಕೇ ನಿಂತಿದ್ದರೂ ಆಗುತ್ತಿತ್ತು. ಧೃತಿ ಒಂದು ದಿನ ಸ್ಟಾಫ್ ರೂಮಿನ ಬಾಗಿಲಿಗೆ ಬಂದು, "ಮೇಡಂ, ನೀವೂ ಆ ಪಾರ್ಕಿಗೆ ಹೋಗ್ತೀರಲ್ಲ, ತಾತನ ಜೊತೆ ಯಾರ್ಯಾರು ಮಾತಾಡ್ತಿದ್ರು?" ಎಂದು ಕೇಳಿದಳು. ಸುಪ್ರಜಾ ಏಳು ಹೆಸರು ಹೇಳಿದಳು. ಎಂಟನೆಯದು, ತನ್ನದು, ನಾಲಿಗೆಯ ತುದಿಯಲ್ಲೇ ಉಳಿಯಿತು. ಹುಡುಗಿ ಮೂರು ಭಾನುವಾರ ಆ ಏಳು ಜನರನ್ನು ಹುಡುಕಿಕೊಂಡು ಅಲೆದಳು. ಒಬ್ಬರು ಮೈಸೂರಿಗೆ ಹೋಗಿದ್ದರು, ಒಬ್ಬರಿಗೆ ಕಿವಿ ಕೇಳಿಸುತ್ತಿರಲಿಲ್ಲ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಬೋರ್ಡಿನ ಮೇಲೆ ಪ್ರಮಾಣಿಸಿ ನೋಡು ಎಂದು ಬರೆದ ಕೈಯೇ ಮಗುವನ್ನು ತಪ್ಪು ದಾರಿಗೆ ಕಳಿಸಿತ್ತು. ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಆದರೂ ಬಾಯಿ ಬಿಡಲಿಲ್ಲ.

ಐದನೇ ವಾರ ಧೃತಿ ತನ್ನ ಹಾಳೆ ತಂದು ಮೇಜಿನ ಮೇಲಿಟ್ಟಳು.

"ಏಳೂ ಜನ ಅಲ್ಲ ಮೇಡಂ. ಆದ್ರೆ ಒಂದು ಗೊತ್ತಾಯ್ತು. ನೆಟ್ಟಲ್ಲಿ ಈ ಮೆಸೇಜಿನ ಹನ್ನೊಂದು ನಮೂನೆ ಸಿಕ್ತು. ಇಂಗ್ಲಿಷು, ಕನ್ನಡ, ಹಿಂದಿ. ಯಾವುದ್ರಲ್ಲೂ ಐದನೇ ಸಾಲಿಲ್ಲ. ಅದು ತಾತನ ಕಾರ್ಡಲ್ಲಿ ಮಾತ್ರ ಇದೆ. ಅಂದ್ರೆ ದಾರೀಲಿ ಯಾರೋ ಸೇರ್ಸಿದಾರೆ."

"ತಾತಾನೇ ಸೇರಿಸ್ಕೊಂಡಿರ್ಬಹುದಲ್ಲ," ಎಂದಳು ಸುಪ್ರಜಾ. ಸತ್ತವರ ಮೇಲೆ ಹೊರಿಸುವಷ್ಟು ದೂರ ಬಂದೆನೇ ಎಂದು ಆಮೇಲೆ ಅನ್ನಿಸಿತು.

"ತಾತ ಹಾಗೆ ಮಾಡಲ್ಲ ಮೇಡಂ," ಎಂದಳು ಧೃತಿ. "ವರ್ಷಾಬ್ದಿಕ ಶನಿವಾರ. ಭಾನುವಾರ ಬುಕ್ಕು ತೆಗೀತಾರೆ. ಅಜ್ಜಿ ನಿಮ್ಮನ್ನೂ ಊಟಕ್ಕೆ ಕರೆದಿದಾರೆ. ಪ್ರಾಜೆಕ್ಟ್ ಕೊಟ್ಟ ಮೇಡಮ್ಮೂ ಇರ್ಲಿ ಅಂದ್ರು."

ಹೋಗದಿರಲು ನೆಪ ಬೇಕಾದಷ್ಟಿತ್ತು. ತಲೆನೋವು ಎನ್ನಬಹುದಿತ್ತು, ಊರಲ್ಲಿಲ್ಲ ಎನ್ನಬಹುದಿತ್ತು. ಶನಿವಾರವಿಡೀ ಒಂದೊಂದನ್ನೇ ಹೆಣೆದು ಬಿಚ್ಚಿದಳು. ನೋಟ್‌ಬುಕ್ಕು ತೆರೆದಾಗ ತಾನು ಅಲ್ಲಿಲ್ಲದಿದ್ದರೆ, ಸೋಮವಾರ ಆ ಹುಡುಗಿ ಎರಡನೇ ಬೆಂಚಿನಲ್ಲಿ ಕೂತು ತನ್ನನ್ನು ನೋಡುತ್ತಾಳೆ. ಏನೂ ಅನ್ನುವುದಿಲ್ಲ, ನೋಡುತ್ತಾಳೆ. ಆ ನೋಟದ ಮುಂದೆ ನಿಂತು ಇನ್ನು ಪಾಠ ಮಾಡುವುದುಂಟೇ? ಪುಸ್ತಕ ಹೇಳುವ ಮುಂಚೆ ತಾನೇ ಹೇಳಬೇಕು. ಉಳಿದಿದ್ದ ದಾರಿ ಅದೊಂದೇ.

ಶೀನಣ್ಣನವರ ಮನೆ ಬಸವನಗುಡಿಯ ಒಂದು ಅಡ್ಡರಸ್ತೆಯಲ್ಲಿ, ಹಳೆಯ ಮನೆ ಕೆಡವಿ ಕಟ್ಟಿದ ಫ್ಲಾಟುಗಳ ನೆಲಮಹಡಿಯಲ್ಲಿತ್ತು. ಧೃತಿಯ ಅಜ್ಜಿ ಅಂಬುಜಮ್ಮ ಬಾಗಿಲು ತೆಗೆದು, "ಬನ್ನಿ ಬನ್ನಿ, ನಿಮ್ಮ ವಿಷಯ ಧೃತಿ ಯಾವಾಗ್ಲೂ ಹೇಳ್ತಿರ್ತಾಳೆ," ಎಂದರು. ಹಾಲಿನಲ್ಲಿ ಕಿಟಕಿಯ ಪಕ್ಕ ಒಂದು ಬೆತ್ತದ ಕುರ್ಚಿ ಖಾಲಿಯಿತ್ತು. ಅಲ್ಲಿಂದ ಅಡುಗೆಮನೆಯ ಬಾಗಿಲು ಹತ್ತೇ ಹೆಜ್ಜೆ. ಸುಪ್ರಜಾ ಕಣ್ಣಲ್ಲೇ ಅಳೆದಳು. ಟೀಪಾಯಿಯ ಮೇಲೆ ನೀಲಿ ರಟ್ಟಿನ ನೋಟ್‌ಬುಕ್ಕು, ಅದರ ಮೇಲೆ ಶೀನಣ್ಣನವರ ಕನ್ನಡಕ. ಧೃತಿ ತನ್ನ ಹಾಳೆ ಹಿಡಿದು ನೆಲದ ಮೇಲೆ ಕೂತಿದ್ದಳು.

"ಅದನ್ನ ತೆಗೆಯೋಕೆ ಮುಂಚೆ ನಾನೊಂದು ಮಾತು ಹೇಳ್ಬೇಕು," ಎಂದಳು ಸುಪ್ರಜಾ. ಕೂರಲಿಲ್ಲ. "ಆ ಮೆಸೇಜು ಕಳ್ಸಿದ್ದು ನಾನು. ಶೀನಣ್ಣ ಎದೆ ಹಿಡಿಯತ್ತೆ ಅಂದಿದ್ರು. ಎಲ್ಲಿಂದಲೋ ಬಂದಿತ್ತು, ನಿಜಾನೋ ಸುಳ್ಳೋ ನೋಡ್ಲಿಲ್ಲ, ಭಾಷೆ ಮಾತ್ರ ಸರಿ ಮಾಡಿ ಕಳ್ಸಿದೆ. ಕೂಗ್ಬೇಡಿ ಅನ್ನೋ ಸಾಲು ನಂದೇ. ಅದು ಎಲ್ಲೂ ಇರ್ಲಿಲ್ಲ. ಚೆನ್ನಾಗಿ ಕಾಣತ್ತೆ ಅಂತ ಸೇರ್ಸಿದೆ. ಆರು ವಾರದಿಂದ ಗೊತ್ತಿದ್ದೂ ಈ ಮಗೂನ ಅಲೆಸಿದೀನಿ."

ಧೃತಿ ತಲೆಯೆತ್ತಲಿಲ್ಲ. ಅಂಬುಜಮ್ಮ ಬೆತ್ತದ ಕುರ್ಚಿಯ ಬೆನ್ನು ಹಿಡಿದುಕೊಂಡು, ಯಾರಿಗೋ ವರದಿ ಒಪ್ಪಿಸುವ ಹಾಗೆ ನಿಧಾನವಾಗಿ ಹೇಳತೊಡಗಿದರು.

"ಅವತ್ತು ಬೆಳಿಗ್ಗೆ ನಮ್ಮಿಬ್ರಿಗೂ ಮಾತಿಗೆ ಮಾತು ಬೆಳೆದಿತ್ತು. ಏನೂ ಇಲ್ಲ, ಹುಳಿಗೆ ಉಪ್ಪು ಜಾಸ್ತಿ ಅಂದ್ರು, ಹಾಗಾದ್ರೆ ನೀವೇ ಮಾಡ್ಕೊಳ್ಳಿ ಅಂದೆ. ಮಧ್ಯಾಹ್ನದವರೆಗೂ ಇಬ್ರೂ ಮಾತಾಡ್ಲಿಲ್ಲ. ಆಮೇಲೆ ಕೆಮ್ಮು ಕೇಳಿಸ್ತು. ಕಷಾಯಕ್ಕಿಟ್ಟೆ. ಖಾರ ಆಗತ್ತೆ ಅಂತ ಬೆಲ್ಲ ಹಾಕಿ ಕಲಕ್ತಾ ಇದ್ದೆ. ನನ್ನನ್ನ ಯಾಕೆ ಕೂಗಲಿಲ್ಲ ಅಂತ ಒಂದು ವರ್ಷದಿಂದ ಕೇಳ್ಕೋತಾ ಇದೀನಿ. ಕಾರ್ಡಲ್ಲಿ ಹಾಗೆ ಬರೆದಿದೆ ಅಂತ ಎಲ್ರೂ ಸಮಾಧಾನ ಹೇಳಿದ್ರು. ನಾನು ನಂಬಲಿಲ್ಲ. ಇವರು ವಿಚಾರಿಸ್ದೆ ಯಾವುದನ್ನೂ ನಂಬಿದೋರಲ್ಲ. ಕೋಪಕ್ಕೇ ಕೂಗಲಿಲ್ಲ ಅಂದ್ಕೊಂಡಿದೀನಿ."

ಧೃತಿ ಕನ್ನಡಕ ಪಕ್ಕಕ್ಕಿಟ್ಟು ನೋಟ್‌ಬುಕ್ಕು ತೆಗೆದುಕೊಂಡಳು.

"ನೋಡ್ತೀನಿ ಮೇಡಂ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾಗಿತ್ತು. "ಹೇಳಿದೋರು ಯಾರೇ ಆದ್ರೂ ಮೂಲ ನೋಡ್ಬೇಕು ಅಂತ ನೀವೇ ಹೇಳಿದ್ರಲ್ಲ."

ಹಾಳೆ ತಿರುವುತ್ತ ಒಂದೊಂದನ್ನೇ ಗಟ್ಟಿಯಾಗಿ ಓದಿದಳು. "'ನುಗ್ಗೆಸೊಪ್ಪಿನ ರಸದಿಂದ ಸಕ್ಕರೆ ಕಾಯಿಲೆ ಮಾಯ. ಇಂದ: ಭಾವಮೈದುನ. ಡಾಕ್ಟರರನ್ನು ವಿಚಾರಿಸಿದೆ. ಸುಳ್ಳು.' 'ಮೂರು ದಿನ ನೀರು ಬರುವುದಿಲ್ಲ. ಇಂದ: ಮೂರನೇ ಮಹಡಿಯವರು. ನೀರಿನ ಆಫೀಸಿಗೆ ಫೋನು ಮಾಡಿದೆ. ಸುಳ್ಳು.' 'ಹುಣ್ಣಿಮೆ ದಿನ ಎರಡು ಚಂದ್ರ ಕಾಣುತ್ತವೆ. ಇಂದ: ಪಾರ್ಕಿನ ಗೆಳೆಯರು. ಮಹಡಿ ಹತ್ತಿ ನೋಡಿದೆ. ಒಂದೇ.'"

ಅಂಬುಜಮ್ಮನ ಮುಖದಲ್ಲಿ ನಗುವಿನಂಥದ್ದೇನೋ ಸುಳಿದು ಹೋಯಿತು. ಶೀನಣ್ಣ ಒಂದನ್ನೂ ಬಿಟ್ಟಿರಲಿಲ್ಲ. ಪುಟಪುಟಕ್ಕೂ ವಿಚಾರಿಸಿದೆ, ವಿಚಾರಿಸಿದೆ, ವಿಚಾರಿಸಿದೆ. ತಾನು ಆರು ವಾರದಿಂದ ಕಲಿಸುತ್ತಿದ್ದ ಪಾಠವನ್ನು ಆ ಮನುಷ್ಯ ಯಾರ ಹಂಗೂ ಇಲ್ಲದೆ ದಿನಾ ಮಾಡುತ್ತಿದ್ದರು.

ಧೃತಿಯ ಬೆರಳು ಒಂದು ಪುಟದ ಮೇಲೆ ನಿಂತಿತು. ಐದು ಸಾಲನ್ನು ಮನಸ್ಸಿನಲ್ಲೇ ಓದಿಕೊಂಡಳು. ಆಮೇಲೆ ಕೆಳಗಿನದ್ದನ್ನು ಮಾತ್ರ ಗಟ್ಟಿಯಾಗಿ ಓದಿದಳು.

"'ಇಂದ: ಸುಪ್ರಜಾ ಮೇಡಂ. ವಿಚಾರಿಸುವ ಅಗತ್ಯವಿಲ್ಲ. ಮೇಡಂ ನೋಡಿಯೇ ಕಳಿಸಿರುತ್ತಾರೆ.'"

ರಸ್ತೆಯಲ್ಲಿ ಆಟೋ ಒಂದು ಹೋಯಿತು. ಅಂಬುಜಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡು, "ಹಾಗಾದ್ರೆ ಕೋಪ ಅಲ್ಲ," ಎಂದರು, ಕುರ್ಚಿಗೆ. ನಂತರ ಸುಪ್ರಜಾಳ ಕಡೆ ತಿರುಗಿದರು. "ನಿಮ್ಮನ್ನ ಕ್ಷಮಿಸಿದೀನಿ ಅಂತ ನಾನು ಹೇಳಲ್ಲ ಮೇಡಂ. ಸುಳ್ಳಾಗತ್ತೆ. ಆದ್ರೆ ನೀವು ಬಂದು ಹೇಳದೇ ಇದ್ದಿದ್ರೆ ಈ ಬುಕ್ಕು ಓದಿದ ಮೇಲೂ ನನಗೆ ಅನುಮಾನ ಉಳೀತಿತ್ತು. ಕೂತ್ಕೊಳ್ಳಿ. ಸಾರಿಗೆ ಒಗ್ಗರಣೆ ಹಾಕಿ ಎಲೆ ಹಾಕ್ತೀನಿ." ಅಷ್ಟು ಹೇಳಿ ಒಳಗೆ ಹೋದರು.

ಧೃತಿ ತನ್ನ ಹಾಳೆಯನ್ನು ಮೇಡಂ ಮುಂದೆ ಹಿಡಿದಳು. ಮೊದಲ ಪ್ರಶ್ನೆಯ ಎದುರು ಸುಪ್ರಜಾಳ ಹೆಸರು ಬರೆದಾಗಿತ್ತು.

"ನಿಮಗೆ ಯಾರು ಕಳ್ಸಿದ್ದು ಮೇಡಂ?"

"ನೆನಪಿಲ್ಲ. ಆ ಮೆಸೇಜು ಆವಾಗ್ಲೇ ಅಳಿಸಿಬಿಟ್ಟೆ. ನನ್ನದು ಚೆನ್ನಾಗಿತ್ತಲ್ಲ, ಅದನ್ನೇ ಇಟ್ಕೊಂಡೆ."

"ಹಾಗಾದ್ರೆ ಬೇರು ಇಲ್ಲೇ ನಿಲ್ಲತ್ತೆ." ಹುಡುಗಿ ಎರಡನೇ ಪ್ರಶ್ನೆಯ ಎದುರು ಒಂದು ಗೆರೆ ಎಳೆದಳು. ಮೂರನೆಯದರ ಎದುರು 'ಐದನೇ ಸಾಲು' ಎಂದು ಬರೆದಳು. ನಾಲ್ಕನೆಯದಕ್ಕೆ ಬಂದು ಪೆನ್ನು ತಡೆಯಿತು. ಪರಿಶೀಲಿಸಿದವರು ಯಾರು?

ಸುಪ್ರಜಾ ಪೆನ್ನು ಕೇಳಿ ಇಸಿದುಕೊಂಡಳು. ನೆಲದ ಮೇಲೆ ಕೂತು, ಹಾಳೆಯನ್ನು ಮೊಣಕಾಲಿನ ಮೇಲಿಟ್ಟುಕೊಂಡು, 'ಯಾರೂ ಇಲ್ಲ' ಎಂದು ಬರೆದಳು. ಕೆಳಗೆ ತನ್ನ ಪೂರ್ತಿ ಹೆಸರು ಬರೆದು ತಾರೀಖು ಹಾಕಿದಳು. ಸೋಮವಾರ ಅದು ಉಳಿದ ಹಾಳೆಗಳ ಜೊತೆ ತರಗತಿಯ ಗೋಡೆಯ ಮೇಲೆ ಹೋಗುತ್ತದೆ, ಎಲ್ಲರೂ ಓದುತ್ತಾರೆ. ಓದಲಿ.

ಅಡುಗೆಮನೆಯಲ್ಲಿ ಎಣ್ಣೆ ಚುರುಗುಟ್ಟಿತು. ಅಂಬುಜಮ್ಮ ಕೆಮ್ಮಿದರು. ಒಂದು, ಎರಡು. ಮತ್ತೆ ಕೆಮ್ಮಿದರು. ಒಂದು, ಎರಡು. ಧೃತಿ ಅಡುಗೆಮನೆಯ ಬಾಗಿಲ ಕಡೆ ತಿರುಗಿದಳು. ಸುಪ್ರಜಾ ಬೆತ್ತದ ಕುರ್ಚಿಯತ್ತ ಒಮ್ಮೆ ನೋಡಿ ಎದ್ದು ನಿಂತಳು. ತರಗತಿಯ ಕೊನೆಯ ಬೆಂಚಿಗೂ ಮುಟ್ಟುವ ದನಿಯಲ್ಲಿ ಕೂಗಿದಳು.

"ಅಂಬುಜಮ್ಮನವರೇ, ಏನಾಯ್ತು?"

ಕೆಮ್ಮು ನಿಂತಿತು. ಒಂದು ಕ್ಷಣ ಒಳಗಿನಿಂದ ಏನೂ ಕೇಳಿಸಲಿಲ್ಲ. ಸುಪ್ರಜಾ ಆಗಲೇ ಆರು ಹೆಜ್ಜೆ ನಡೆದಿದ್ದಳು.

"ಏನಿಲ್ಲ," ಎಂದರು ಅಂಬುಜಮ್ಮ. "ಮೆಣಸಿನಕಾಯಿ ಸೀದೋಯ್ತು. ಇದೀನಿ."